ಕೂಸು ಹಾಲು ಕುಡೀತು

ಕಳೆದ ಅಕ್ಟೋಬರಿನಲ್ಲಿ ಫ್ಲೂ ಲಸಿಕೆ ಹಾಕಿಸಲೆಂದು ಮಗಳು ಸುಮ ನನ್ನನ್ನು ಶಿಕಾಗೊ ಬಳಿಯ ವೆಸ್ಟ್‌ಮಂಟ್‌ನ ಔಷಧದ ಅಂಗಡಿಗೆ ಕರೆದೊಯ್ದಿದ್ದಳು. ಅಲ್ಲಿಯ ಹುಡುಗಿ ನನ್ನ ತೋಳಿಗೆ ಸ್ಪಿರಿಟ್ ಸವರಿದಳು. ಸೂಜಿ ಚುಚ್ಚಿದ್ದು ನನಗೆ ತಿಳಿಯಲೇ ಇಲ್ಲ. ಆ ತಣ್ಣನೆಯ ವಾಸನೆ ಮೂಗಿಗೆ ಬಡಿದೊಡನೆ ನಾನು ಡೆಟ್ರಾಯಿಟ್‌ನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿದ್ದೆ. ಅಲ್ಲಿ ಕೈಯಿಂದ ತಿರುಗಿಸುವ ನಕಲು ಯಂತ್ರವೊಂದಿತ್ತು. ಅದರಿಂದ ಹೊರಬೀಳುತ್ತಿದ್ದ ನೇರಳೆ ಅಕ್ಷರದ ಹಾಳೆಗಳಿಗೆಲ್ಲ ಇದೇ ವಾಸನೆ. ಹಾಳೆ ಒದ್ದೆಯಿರುವಾಗಲೇ ಎಲ್ಲರೂ ಅದನ್ನು ಒಮ್ಮೆ ಮೂಸಿ ನೋಡಿ, ಆಮೇಲೆ ಓದುತ್ತಿದ್ದರು.

"ಅಮ್ಮಾ, ಆರ್ ಯೂ ಓಕೆ?" ಎಂದಳು ಸುಮ.

"ನೀನು ಹುಟ್ಟಿದ ವರ್ಷ ನೆನಪಾಯಿತು."

"ಫ್ಲೂ ಶಾಟ್‌ನಿಂದಾ?" ಎಂದು ನಕ್ಕಳು. ಮನೆ ಸೇರುವವರೆಗೆ ಕಾರಿನಲ್ಲಿ ಅವಳಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಸ್ವಲ್ಪ ಕ್ರಮಬದ್ಧವಾಗಿ ಬರೆಯಲು ಯತ್ನಿಸಿದ್ದೇನೆ.

ಅದು ಎಪ್ಪತ್ತಮೂರನೆಯ ಇಸವಿ. ನಮ್ಮ ಯಜಮಾನರು ದಿನವೂ ಕೆಲಸಕ್ಕೆಂದು ಡಿಯರ್‌ಬಾರ್ನ್‌ಗೆ ಕಾರು ಓಡಿಸಿಕೊಂಡು ಹೋಗಿ ಬರುತ್ತಿದ್ದರು. ನಾನು ವಿಶ್ವವಿದ್ಯಾಲಯವೊಂದರ ಶಿಕ್ಷಣ ವಿಭಾಗದಲ್ಲಿ ತಾತ್ಕಾಲಿಕ ಸಹಾಯಕಿ. ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಬೆಲ್ಲ ಕಾಯಿಸುತ್ತಿದ್ದವರ ಮಗಳು ನಾನು. ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಊರಿನಲ್ಲಿ ನಾಲ್ಕು ವರ್ಷ ಒಂದನೆಯ ತರಗತಿಗೆ ಪಾಠ ಹೇಳಿದ್ದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಎಂ.ಎ. ಮುಗಿಸಿದ್ದೆ. ಇಷ್ಟಿದ್ದರೂ ಬಾಯಿ ತೆರೆಯಲು ಅಂಜಿಕೆ. ಒಂದು ವಾಕ್ಯವನ್ನು ಆಡುವ ಮುನ್ನ ಅದನ್ನು ಮನಸ್ಸಿನೊಳಗೇ ತಿದ್ದಿ ನೋಡುತ್ತಿದ್ದೆ. ಇಂಗ್ಲಿಷ್ ಮಾತ್ರವಲ್ಲ, ಕನ್ನಡವನ್ನೂ ಹಾಗೆಯೇ ತಿದ್ದುತ್ತಿದ್ದೆ.

ನಮ್ಮ ವಿಭಾಗಕ್ಕೆ ಆ ವರ್ಷ ಮಲಾವಿ ದೇಶದಿಂದ ಎಂಟು ಮಂದಿ ಶಿಕ್ಷಕರು ಬಂದಿದ್ದರು. ಅವರ ಮನೆಮಾತು ಚಿಚೆವಾ. ಊರಿಗೆ ಮರಳಿದ ಮೇಲೆ, ಆ ಭಾಷೆಯಲ್ಲಿಯೇ ಮಕ್ಕಳಿಗೆ ಓದು ಕಲಿಸುವುದು ಹೇಗೆಂದು ಅವರು ಇತರ ಶಿಕ್ಷಕರಿಗೆ ತರಬೇತಿ ನೀಡಬೇಕಾಗಿತ್ತು. ನಮ್ಮಲ್ಲಿ ಯಾರಿಗೂ ಚಿಚೆವಾದ ಒಂದಕ್ಷರವೂ ತಿಳಿಯದು. ಅವರು ಕಲಿಯಲು ಬಂದಿದ್ದು ಭಾಷೆಯನ್ನಲ್ಲ, ಕಲಿಸುವ ಕಸುಬನ್ನು. ಮಗುವಿನ ಬಾಯಿಂದ ಬಂದ ವಾಕ್ಯವನ್ನು ದೊಡ್ಡ ಹಾಳೆಯ ಮೇಲೆ ಬರೆಯುವುದು, ಅದನ್ನು ಪದಗಳಾಗಿ ಕತ್ತರಿಸುವುದು, ಪದಗಳನ್ನು ಹೊಸದಾಗಿ ಜೋಡಿಸುವುದು, ಕಲಿಯುವವರ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸುವುದು, ಇವೇ ಅವರ ದಿನನಿತ್ಯದ ಪಾಠಗಳಾಗಿದ್ದವು.

ಕೋರ್ಸಿನ ಮುಖ್ಯಸ್ಥೆ ಪ್ರೊಫೆಸರ್ ಡಾಲ್ಟನ್. ತೆಳ್ಳಗಿನ, ಎತ್ತರದ ಹೆಂಗಸು. ನಗುವುದು ಅಪರೂಪ, ಅನ್ಯಾಯವಾಗಿ ನಡೆದುಕೊಳ್ಳುವುದು ಇನ್ನೂ ಅಪರೂಪ. ಅವರ ನಿಯಮವೊಂದಿತ್ತು. ಮೇ ತಿಂಗಳ ಕೊನೆಯಲ್ಲಿ ಪ್ರತಿಯೊಬ್ಬ ಶಿಕ್ಷಕರೂ ಓದು ಬಾರದ ಒಬ್ಬರನ್ನು ಕರೆತಂದು, ಅವರ ಮನೆಮಾತಿನಲ್ಲಿ ಓದಿಸಿ ತೋರಿಸಬೇಕು. ತೋರಿಸಿದವರು ಜೂನ್‌ನಲ್ಲಿ ಪ್ರಮಾಣಪತ್ರದೊಂದಿಗೆ ಊರಿಗೆ ಹೊರಡಬಹುದು. ತೋರಿಸಲಾಗದವರು ಮುಂದಿನ ತಂಡದೊಡನೆ ಇನ್ನೊಂದು ವರ್ಷ ಉಳಿಯಬೇಕು.

ಆದರೆ ಡೆಟ್ರಾಯಿಟ್‌ನಲ್ಲಿ ಚಿಚೆವಾ ಮಾತಾಡುವ, ಓದು ಬಾರದ ಮಕ್ಕಳನ್ನು ಎಲ್ಲಿ ಹುಡುಕುವುದು? ಚಳಿಗಾಲವಿಡೀ ಶಿಕ್ಷಕರು ಒಬ್ಬರಿಗೊಬ್ಬರು ಮಕ್ಕಳಾಗಿ ನಟಿಸಿದರು. ನಲವತ್ತು ದಾಟಿದ ಮ್ವಾಲೆ ಎಂಬುವರು ಪುಟ್ಟ ಕುರ್ಚಿಯಲ್ಲಿ ಕುಳಿತು, "ಟೀಚರ್, ಇವನು ನನ್ನ ಪೆನ್ಸಿಲ್ ಕದ್ದ!" ಎಂದು ಪಕ್ಕದವರ ಮೇಲೆ ದೂರು ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಆದರೆ ಓದು ಬಲ್ಲವರು ಓದು ಬಾರದವರಂತೆ ಎಷ್ಟು ಕಾಲ ನಟಿಸಿಯಾರು? ನಗರದಲ್ಲಿದ್ದ ಎರಡೇ ಎರಡು ಚಿಚೆವಾ ಕುಟುಂಬಗಳ ಮಕ್ಕಳನ್ನು ಏಳು ಮಂದಿ ಹಂಚಿಕೊಂಡರು. ಎಂಟನೆಯವರಾದ ಶ್ರೀಮತಿ ಫಿರಿಯವರ ಪಾಲಿಗೆ ಯಾರೂ ಉಳಿಯಲಿಲ್ಲ. "ಯಾವ ಮನೆಮಾತಾದರೂ ಆದೀತು, ನಿಮ್ಮದೇ ಆಗಬೇಕೆಂದಿಲ್ಲ," ಎಂದರು ಪ್ರೊಫೆಸರ್. ಅದು ಆಗ ಸಮಾಧಾನದ ಮಾತಿನಂತೆ ಕೇಳಿಸಿತ್ತು.

ಶ್ರೀಮತಿ ಫಿರಿ ಮೈತುಂಬಿದ, ನಿಧಾನ ಮಾತಿನ ಹೆಂಗಸು. ತಲೆಗೆ ಬಣ್ಣದ ವಸ್ತ್ರ ಕಟ್ಟುತ್ತಿದ್ದರು. ಸುಮ ಹುಟ್ಟಿದ ಮೇಲೆ, ಫೆಬ್ರವರಿಯ ಒಂದು ಭಾನುವಾರ, ಮಗುವನ್ನು ನೋಡಲು ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ಹಿಮದ ರಾಶಿ. ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ನಮ್ಮ ಅವ್ವ ಸೀರೆಯ ಮೇಲೆ ಯಜಮಾನರ ಸ್ವೆಟರ್ ತೊಟ್ಟು, ತಲೆಗೆ ಉಣ್ಣೆಯ ಟೋಪಿ ಹಾಕಿ, ಹೀಟರಿನ ಪಕ್ಕದಲ್ಲಿಯೇ ಸಂಸಾರ ಹೂಡಿದ್ದಳು. ಶ್ರೀಮತಿ ಫಿರಿ ಯಾರೂ ಹೇಳದೆಯೇ ಬಾಗಿಲಲ್ಲಿ ಬೂಟು ಕಳಚಿದರು. ಕೈ ತೊಳೆದು ಮಗುವನ್ನು ಎತ್ತಿಕೊಂಡರು. ಚೀಲದಿಂದ ಒಂದು ಬಟ್ಟೆ ತೆಗೆದು, ನಾವು ನೋಡನೋಡುತ್ತಿದ್ದಂತೆ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡುಬಿಟ್ಟರು.

"ಅಯ್ಯೋ, ಬಿದ್ದೋಯ್ತದೆ ಕಣೆ!" ಎಂದು ಅವ್ವ ಎದ್ದಳು. ಮಗು ಆ ಬೆನ್ನಿನ ಮೇಲೆ ಕಣ್ಣು ಮುಚ್ಚಿ ನಿದ್ರಿಸಿದ್ದನ್ನು ಕಂಡು ಕುಳಿತಳು. "ಪಳಗಿದ ಕೈ. ಎಷ್ಟ್ ಮಕ್ಳಂತೆ ಕೇಳು."

"ಇಲ್ಲಿ ಹಾಗೆಲ್ಲ ಕೇಳಬಾರದು ಅವ್ವ."

"ಮಕ್ಳೆಷ್ಟು ಅಂತ ಕೇಳದೆ ಇನ್ನೇನ್ ಕೇಳದು ಹೆಂಗ್ಸ್ರನ್ನ?"

ಸ್ವಂತ ವಿಷಯಗಳನ್ನು ವಿಚಾರಿಸುವುದು ಅಸಭ್ಯವೆಂದು ನಾನು ಈ ದೇಶಕ್ಕೆ ಬಂದ ಹೊಸದರಲ್ಲಿಯೇ ಕಲಿತಿದ್ದೆ. ಕಲಿತದ್ದನ್ನು ಎಲ್ಲರ ಮೇಲೂ ಸಮಾನವಾಗಿ ಪ್ರಯೋಗಿಸುತ್ತಿದ್ದೆ. ಆದುದರಿಂದ ಆ ಪ್ರಶ್ನೆಯನ್ನು ಅನುವಾದಿಸಲಿಲ್ಲ.

ಶ್ರೀಮತಿ ಫಿರಿ ಬೆನ್ನ ಮೇಲೆ ಮಗುವನ್ನು ಹೊತ್ತೇ ನಮ್ಮ ಅಡುಗೆಮನೆಗೆ ನಡೆದರು. ತಂದಿದ್ದ ಬಿಳಿಯ ಮುಸುಕಿನ ಜೋಳದ ಹಿಟ್ಟನ್ನು ಕುದಿನೀರಿಗೆ ಹಾಕಿ ಮರದ ಸೌಟಿನಿಂದ ತಿರುವತೊಡಗಿದರು. ಅವರ ಊರಿನ ನಿತ್ಯದ ಊಟ, ನ್ಸಿಮಾ. ಅವ್ವ ಹಿಂದೆಯೇ ಹೋಗಿ ಪಾತ್ರೆಗೆ ಇಣುಕಿದವಳು ಕಿರುಚಿದಳು.

"ಜಯಾ! ಇದು ಮುದ್ದೆ ಕಣೆ! ಬೆಳ್ಳಗದೆ, ಅಷ್ಟೆ!"

ಮೂರು ತಿಂಗಳಿನಿಂದ ರಾಗಿಯ ಮುಖ ಕಾಣದಿದ್ದ ಅವ್ವ ಅಂದು ಸೊಪ್ಪಿನ ಸಾರಿನಲ್ಲಿ ಅದ್ದಿ ಅದ್ದಿ ನುಂಗಿದಳು. ಹೊಟ್ಟೆ ತುಂಬಿದ ಮೇಲೆ, ಈಯಮ್ಮ ಇಲ್ಲಿಗೆ ಏನು ಕಲಿಯಲು ಬಂದಿದ್ದಾಳೆ ಎಂದು ಕೇಳಿದಳು. ಹೇಳಿದೆ.

"ಅವ್ರ ಮಕ್ಳಿಗೆ ಅವ್ರ ಮಾತ್ನಾಗೆ ಓದು ಕಲ್ಸಕೆ ಇಲ್ಲೀಗಂಟ ಬರಬೇಕಿತ್ತಾ?" ಎಂದಳು. ಕೈ ತೊಳೆದು ಬಂದು, "ಹಂಗಾರೆ ನಂಗೂ ಕಲ್ಸು ಅನ್ನು. ಹಿಮ ಕರಗೋಗಂಟ ನಂಗೇನ್ ಕೆಲ್ಸ?" ಎಂದಳು.

ನಾನು ತಟ್ಟೆಗಳನ್ನು ಎತ್ತತೊಡಗಿದೆ. ನನ್ನ ತಾಯಿಗೆ ಓದು ಬಾರದೆಂದು ವಿಭಾಗದಲ್ಲಿ ಯಾರಿಗೂ ಹೇಳಿರಲಿಲ್ಲ. ಸುಳ್ಳನ್ನೂ ಹೇಳಿರಲಿಲ್ಲ, ಸಂದರ್ಭ ಬಾರದಂತೆ ನೋಡಿಕೊಂಡಿದ್ದೆ.

"ಅಮ್ಮ ಏನೋ ಕೇಳಿದರು," ಎಂದರು ಶ್ರೀಮತಿ ಫಿರಿ. "ನನ್ನ ಕಡೆಗೇ ಕೈ ತೋರಿಸಿ ಕೇಳಿದರು. ಏನದು?"

ಅನುವಾದಿಸದೆ ವಿಧಿಯಿರಲಿಲ್ಲ. ಕೇಳಿದೊಡನೆ ಅವರು ಎರಡೂ ಅಂಗೈ ತಟ್ಟಿದರು. ಆ ಸದ್ದಿಗೆ ಬೆನ್ನ ಮೇಲಿನ ಮಗು ಎದ್ದು ಅಳತೊಡಗಿತು. ಅವರಿಗೆ ವಿದ್ಯಾರ್ಥಿ ಸಿಕ್ಕಿದಳು.

ಮರು ಶನಿವಾರದಿಂದಲೇ ಪಾಠ. ಯಜಮಾನರು ಡ್ರೈವ್ ಮಾಡಿಕೊಂಡು ಅವ್ವನನ್ನೂ ಮಗುವನ್ನೂ ನನ್ನನ್ನೂ ಆ ಮೂರನೆಯ ಮಹಡಿಯ ಕೋಣೆಗೆ ಬಿಟ್ಟುಬರುತ್ತಿದ್ದರು. ಶ್ರೀಮತಿ ಫಿರಿ ಕೇಳುವರು, ನಾನು ಕನ್ನಡಕ್ಕೆ ತಿರುಗಿಸುವೆನು, ಅವ್ವ ಹೇಳುವಳು, ನಾನು ಬರೆಯುವೆನು. ಮೊದಲ ದಿನದ ಪ್ರಶ್ನೆ, "ಇವತ್ತು ಬೆಳಿಗ್ಗೆ ಏನಾಯಿತು?"

"ಏನಾಯ್ತದೆ? ಕೂಸು ಹಾಲು ಕುಡೀತು," ಎಂದಳು ಅವ್ವ.

ನಾನು ದೊಡ್ಡ ಹಾಳೆಯ ಮೇಲೆ ದುಂಡಗೆ ಬರೆದೆ: ಮಗುವು ಹಾಲನ್ನು ಕುಡಿಯಿತು.

ಶ್ರೀಮತಿ ಫಿರಿ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. "ಅವರು ಹೇಳಿದ್ದು ಇಷ್ಟು ಉದ್ದವಿರಲಿಲ್ಲ," ಎಂದರು. "ಅವರ ಬಾಯಲ್ಲಿ ಬಂದದ್ದು ಇದೇ ಏನು?"

"ಇದು ಸರಿಯಾದ ರೂಪ."

"ಸರಿಯಾದದ್ದನ್ನು ಆಮೇಲೆ ಕಲಿಯಲಿ. ಈಗ ಕೇಳಿದ್ದನ್ನು ಬರೆಯಿರಿ." ಗದರಿಕೆಯ ಮಾತಲ್ಲ, ಬಹಳ ವರ್ಷ ಒಂದನೆಯ ತರಗತಿಯಲ್ಲಿ ನಿಂತವರ ಮಾತು. ನಾನು ಹೊಸ ಹಾಳೆ ತೆಗೆದುಕೊಂಡೆ. ಅವ್ವನ ಮಾತು ಅವಳು ಆಡಿದಂತೆಯೇ ಕಾಗದಕ್ಕೆ ಇಳಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಯಾವ ದೋಷವೂ ಕಾಣಿಸಲಿಲ್ಲ.

ಬಳಿಕ ಇನ್ನಷ್ಟು ಹಾಳೆಗಳಾದವು. "ಇಲ್ಲಿ ಚಳಿ ಬಂತು." ತನ್ನ ತಾಯಿಯನ್ನು ನೆನೆದು, "ಅವ್ವ ಮುದ್ದೆ ಮಾಡುದ್ಲು." ಒಂದು ಶನಿವಾರ ಹಿಮಗಾಳಿ ಕಿಟಕಿಗೆ ಬಡಿಯುತ್ತಿದ್ದಾಗ ಅವ್ವ ಹೊರಗೆ ನೋಡಿಕೊಂಡು, "ನನ್ನ ಮನೆ ಇಲ್ಲಿ ಇಲ್ಲ," ಎಂದಳು. ಅದೂ ಹಾಳೆಗೇರಿತು. ಮಾರ್ಚ್ ನಡುವಿನ ಹೊತ್ತಿಗೆ ಅವ್ವ ಕಡ್ಡಿ ಹಿಡಿದು ಎಲ್ಲ ಹಾಳೆಗಳನ್ನೂ ಗಳಗಳನೆ ಓದುತ್ತಿದ್ದಳು. ಮ್ವಾಲೆಯವರು ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ತುಂಬಿತು. ಶ್ರೀಮತಿ ಫಿರಿಯೊಬ್ಬರೇ ತುಟಿ ಬಿಗಿಹಿಡಿದಿದ್ದರು.

ಕಾರಣವನ್ನು ಮುಂದಿನ ವಾರ ಪ್ರೊಫೆಸರ್ ಡಾಲ್ಟನ್ ತೋರಿಸಿಕೊಟ್ಟರು. ಅವರು ಬಂದು ಹಿಂದೆ ನಿಂತು ಕೇಳಿದರು. ಅನಂತರ ಅವ್ವನ ಕೈಯಿಂದ ಕಡ್ಡಿ ತೆಗೆದುಕೊಂಡು ವಾಕ್ಯದ ಕೊನೆಯ ಪದವನ್ನು ಮುಟ್ಟಿದರು.

"ಕೂಸು," ಎಂದಳು ಅವ್ವ.

ನಡುವಿನ ಪದವನ್ನು ಮುಟ್ಟಿದರು.

"ಹಾಲು."

ಮತ್ತೆ ನಡುವಿನದನ್ನೇ ಮುಟ್ಟಿದರು.

"ಕುಡೀತು," ಎಂದಳು ಅವ್ವ ತೃಪ್ತಿಯಿಂದ.

ನಮ್ಮ ಅವ್ವ ಮದುವೆಯ ಮನೆಗಳಲ್ಲಿ ಬೆಳಗಿನ ತನಕ ಸೋಬಾನೆ ಪದ ಹೇಳುವವಳು. ಒಮ್ಮೆ ಕೇಳಿದ್ದು ಅವಳ ನಾಲಿಗೆಯಿಂದ ಜಾರುವುದಿಲ್ಲ. ಹಾಳೆಗಳನ್ನೆಲ್ಲ ಅವಳು ಒಂದು ಹಾಡಿನಂತೆ ಬಾಯಿಪಾಠ ಮಾಡಿಕೊಂಡಿದ್ದಳು. ನಾನು ಅದನ್ನು ವಿವರಿಸಿದಾಗ ಅವಳಿಗೆ ಬೇಸರವೇನೂ ಆಗಲಿಲ್ಲ. "ಕಡ್ಡಿ ಎಲ್ಲಾರ ಇಕ್ಲಿ, ಮಾತು ಅದೇ ತಾನೆ?" ಎಂದಳು.

"ಅವರು ಓದುತ್ತಿಲ್ಲ, ಒಪ್ಪಿಸುತ್ತಿದ್ದಾರೆ," ಎಂದರು ಪ್ರೊಫೆಸರ್, ಮೃದುವಾಗಿಯೇ. "ಮೇ ತಿಂಗಳಿನಲ್ಲಿ ಇದನ್ನು ನಾನು ಒಪ್ಪಲಾಗುವುದಿಲ್ಲ."

ಶ್ರೀಮತಿ ಫಿರಿ ನನ್ನೊಂದಿಗೆ ಮೆಟ್ಟಿಲಿಳಿದರು. ಕೊನೆಯ ಮೆಟ್ಟಿಲಿನಲ್ಲಿ, "ಇನ್ನೊಂದು ವರ್ಷ ನಾನು ಇಲ್ಲಿರಲಾರೆ, ಜಯಾ," ಎಂದರು. ಏಕೆ ಎಂದು ನಾನು ಕೇಳಲಿಲ್ಲ. ಕೇಳಬಾರದಷ್ಟೆ.

ಅದರ ಬೆನ್ನಿಗೇ ಯುಗಾದಿ. ಡೆಟ್ರಾಯಿಟ್ ಸುತ್ತಲಿನ ಕೆಲವು ಕನ್ನಡದ ಮನೆಗಳವರು ಪದ್ಮಾ ಎಂಬುವರ ಮನೆಯಲ್ಲಿ ಸೇರಿದ್ದೆವು. ಬೆಂಗಳೂರಿನ ಪದ್ಮಾ, ಡಾಕ್ಟರರ ಹೆಂಡತಿ. ಊರಿನಿಂದ ತರಿಸಿದ್ದ ಪಂಚಾಂಗವನ್ನು ಅವ್ವನ ಕೈಗಿಟ್ಟು, "ದೊಡ್ಡೋರು ನೀವೇ ಓದಿಬಿಡಿ," ಎಂದರು.

"ನಂಗೆ ಬರಕಿಲ್ಲ ಕಣವ್ವ. ಈಗ ಕಲೀತಾ ಇವ್ನಿ."

"ಅಯ್ಯೋ, ಹೌದಾ? ಜಯಾ, ನೀವು ಎಂ.ಎ. ಮಾಡಿದೀರಲ್ರೀ! ತಾಯಿಗೆ ಕಲಿಸ್ಲಿಲ್ವಾ?" ಎಂದರು ಪದ್ಮಾ, ಇಡೀ ಕೋಣೆಗೆ ಕೇಳಿಸುವಂತೆ. ಒಬ್ಬಿಬ್ಬರು ನಕ್ಕರು. ನನ್ನ ಕೈಯಲ್ಲಿದ್ದ ಬೇವು ಬೆಲ್ಲ ಕೈಯಲ್ಲೇ ಕರಗಿತು.

"ಅವ್ಳಿಗೆ ಊರೋರಿಗೆಲ್ಲ ಕಲ್ಸೋ ಕೆಲ್ಸ," ಎಂದಳು ಅವ್ವ. "ನಂಗೆ ಕಲಿಸ್ತಿರೋಳು ಆಫ್ರಿಕಾದವ್ಳು."

"ಆಫ್ರಿಕಾದೋರು ನಿಮಗೆ ಕನ್ನಡ ಕಲಿಸ್ತಾರಾ?"

"ಕನ್ನಡ ನಂಗೇ ಬತ್ತದಲ್ಲವ್ವ. ಅವಳು ಓದೋದ್ನ ಕಲಿಸ್ತಾವ್ಳೆ."

ಈ ಸಲ ನಕ್ಕವರು ಹೆಚ್ಚು, ಆದರೆ ನಗು ಬೇರೆ ಬಗೆಯದು. ಪದ್ಮಾ ಕೂಡ ನಕ್ಕು ಅವ್ವನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದರು. ಎಂ.ಎ. ತರಗತಿಯಲ್ಲಿ ಪುಟಗಟ್ಟಲೆ ಓದಿ ನಾನು ಅರ್ಥಮಾಡಿಕೊಂಡಿದ್ದನ್ನು ಅವ್ವ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳಿಬಿಟ್ಟಿದ್ದಳು.

ಏಪ್ರಿಲ್‌ನಲ್ಲಿ ಶ್ರೀಮತಿ ಫಿರಿ ಹಾಳೆಗಳನ್ನೆಲ್ಲ ಗೋಡೆಯಿಂದ ತೆಗೆದು ಕತ್ತರಿಸಿ ರಟ್ಟಿಗೆ ಅಂಟಿಸಿದರು. ಒಂದೊಂದು ಪದಕ್ಕೆ ಒಂದೊಂದು ರಟ್ಟಿನ ಪಟ್ಟಿ. ಪ್ರತಿಯೊಂದರ ಅರ್ಥವನ್ನೂ ನನ್ನಿಂದ ಕೇಳಿ, ಪಟ್ಟಿಯ ಬೆನ್ನಿನಲ್ಲಿ ತಮ್ಮ ಭಾಷೆಯಲ್ಲಿ ಗುರುತು ಹಾಕಿಕೊಂಡರು. ಕೂಸಿಗೆ ಮ್ವಾನ, ಮನೆಗೆ ನ್ಯೂಂಬ. ಪಟ್ಟಿಗಳನ್ನು ಕಲಸಿ ಮೇಜಿನ ಮೇಲೆ ಹರಡಿ, "ಹಾಲು ಎಲ್ಲಿದೆ? ಚಳಿ ಎಲ್ಲಿದೆ?" ಎಂದು ನನ್ನಿಂದ ಕೇಳಿಸುತ್ತಿದ್ದರು. ಸಾಲು ತಪ್ಪಿದ ಪದಗಳ ಮುಂದೆ ಅವ್ವ ಮೊದಲ ಬಾರಿಗೆ ತಡವರಿಸಿದಳು. ಕಣ್ಣು ಕಿರಿದು ಮಾಡಿ, ಬೆರಳಿಟ್ಟು, ಪದಗಳಿಂದಲೇ ಗುರುತಿಸಿಕೊಂಡ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಹೇಳುವಳು. ಕೆಲವು ದಿನ ಸಿಟ್ಟಿನಿಂದ, "ಜೋಡ್ಸಿದ್ನ ಯಾಕೆ ಕಿತ್ತಾಕ್ತೀಯೆ?" ಎಂದು ಪಟ್ಟಿಗಳನ್ನು ದೂಡುವಳು. ಶ್ರೀಮತಿ ಫಿರಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕೋಣೆಯ ಉದ್ದಕ್ಕೂ ನಡೆದಾಡುತ್ತ ಕಾಯುವರು. ಮಗು ಮಲಗುವುದರೊಳಗೆ ಅವ್ವ ಮತ್ತೆ ಪಟ್ಟಿಗಳನ್ನು ಹತ್ತಿರ ಎಳೆದುಕೊಂಡಿರುತ್ತಿದ್ದಳು.

ಹಿಮ ಕರಗಿ, ರಸ್ತೆಬದಿಯ ಮರಗಳು ಚಿಗುರಿದವು. ಮೇ ಕೊನೆಯ ಶನಿವಾರ ಅವ್ವ ಸ್ವೆಟರ್ ಇಲ್ಲದೆ, ರೇಷ್ಮೆ ಸೀರೆಯುಟ್ಟು ಪರೀಕ್ಷೆಗೆ ಬಂದಳು. ಪ್ರೊಫೆಸರ್ ಡಾಲ್ಟನ್, ಪಟ್ಟಿಗಳ ಪದಗಳನ್ನು ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದ ಯಾದಿಯನ್ನು ಮುಂದಿಟ್ಟುಕೊಂಡು, ಪೆನ್ನು ಹಿಡಿದು ಎದುರಿಗೆ ಕುಳಿತರು. ಮಿಕ್ಕ ಶಿಕ್ಷಕರು ಗೋಡೆಗೆ ಒರಗಿ ನಿಂತರು. ನಾನು ಮಗುವನ್ನು ಎತ್ತಿಕೊಂಡು ಬಾಗಿಲ ಬಳಿ ಇದ್ದೆ. ಈ ದಿನ ನಾನು ಬಾಯಿ ತೆರೆಯಕೂಡದೆಂದು ಶ್ರೀಮತಿ ಫಿರಿ ಮೊದಲೇ ಹೇಳಿದ್ದರು.

ಅವರು ಮೇಜಿನ ಮೇಲೆ ನಾಲ್ಕು ಪಟ್ಟಿಗಳನ್ನು ಸಾಲಾಗಿ ಇಟ್ಟರು. ನಾನಿದ್ದಲ್ಲಿಂದ ಅವು ಕಾಣುತ್ತಿರಲಿಲ್ಲ.

"ನನ್ನ ಮನೆ ಇಲ್ಲಿ ಇಲ್ಲ," ಎಂದಳು ಅವ್ವ, ಕಣ್ಣು ಹಾಯಿಸಿದ್ದೇ ತಡ.

ಶ್ರೀಮತಿ ಫಿರಿ ಅಲುಗಾಡಲಿಲ್ಲ. ಪ್ರೊಫೆಸರರ ಪೆನ್ನು ಕಾಗದವನ್ನು ಮುಟ್ಟಿತು. ಆಯಿತು, ಎಲ್ಲ ಮುಗಿಯಿತು ಎಂದುಕೊಂಡೆ ನಾನು. ಆಗ ಅವ್ವನ ಬೆರಳು ಹಿಂದಕ್ಕೆ ಸರಿಯಿತು.

"ತಡಿ... ಇದು ಮನೆ ಅಲ್ಲ." ಎರಡನೆಯ ಪಟ್ಟಿಯ ಮೇಲೆ ಬೆರಳು ನಿಂತಿತು. "ಕೂ... ಸು. ಕೂಸು." ಮತ್ತೆ ಮೊದಲಿನಿಂದ, ಬೆರಳು ಸರಿದಷ್ಟೇ ನಿಧಾನವಾಗಿ: "ನನ್ನ... ಕೂಸು... ಇಲ್ಲಿ... ಇಲ್ಲ."

ಓದಿ ಮುಗಿಸಿದವಳು ತಲೆಯೆತ್ತಿ ಶ್ರೀಮತಿ ಫಿರಿಯ ಮುಖ ನೋಡಿದಳು. ಆ ಮಾತು ಯಾರದೆಂದು ಅವಳಿಗೆ ಆಗ ಹೊಳೆಯಿತು.

"ಏನಾಯ್ತವ್ವ? ಎಲ್ಲದೆ ಕೂಸು?" ಎಂದಳು ಗಾಬರಿಯಿಂದ.

ಶ್ರೀಮತಿ ಫಿರಿಗೆ ಕನ್ನಡ ಬಾರದು. ಆದರೆ ಆ ಪ್ರಶ್ನೆಗೆ ಭಾಷೆ ಬೇಕಿರಲಿಲ್ಲ. ಅವರು ಪಟ್ಟಿಗಳನ್ನು ತಿರುಗಿಸಿ ಬೆನ್ನಿನ ಗುರುತು ನೋಡಿ, ಇನ್ನೊಂದು ಸಾಲನ್ನು ಕೂಡಿಸಿದರು. ಅವ್ವ ಗಟ್ಟಿಯಾಗಿ ಓದಿದಳು. "ಕೂಸು... ನನ್ನ... ಅವ್ವ... ಮನೆ." ಒಂದು ಗಳಿಗೆ ಹುಬ್ಬು ಗಂಟಿಕ್ಕಿತು. ಮರುಗಳಿಗೆಯಲ್ಲಿ ಮುಖ ಅರಳಿತು.

"ಅವ್ರವ್ವನ್ ಮನೇಲದೆ! ಜಯಾ, ಕೇಳುದ್ಯಾ? ನಾನ್ ಇಲ್ಲಿ ಮಾಡ್ತಿರೋ ಕೆಲ್ಸನೇ ಅವ್ರವ್ವ ಅಲ್ಲಿ ಮಾಡ್ತಾವ್ಳೆ!"

ನಾನು ತಲೆಯಷ್ಟೇ ಆಡಿಸಿದೆ. ಬಾಯಿ ತೆರೆಯಕೂಡದೆಂಬ ನಿಯಮವಿತ್ತು. ಅವ್ವ ಫೆಬ್ರವರಿಯಲ್ಲಿ ಕೇಳಿದ್ದ ಪ್ರಶ್ನೆಯನ್ನು ನಾನು ಸಭ್ಯತೆಯ ಹೆಸರಿನಲ್ಲಿ ತಡೆದಿಟ್ಟಿದ್ದೆ. ಅದಕ್ಕೆ ಉತ್ತರ ಅವರಿಬ್ಬರ ನಡುವೆ, ನನ್ನ ನೆರವಿಲ್ಲದೆಯೇ, ರಟ್ಟಿನ ತುಂಡುಗಳ ಮೇಲೆ ಬಂದು ತಲುಪಿತ್ತು.

ಪ್ರೊಫೆಸರ್ ಡಾಲ್ಟನ್ ಪೆನ್ನಿನ ಮುಚ್ಚಳ ಹಾಕಿದರು. "ಮೊದಲು ತಪ್ಪಿದರು, ತಾವಾಗಿಯೇ ಹಿಂದಿರುಗಿ ತಿದ್ದಿಕೊಂಡರು," ಎಂದರು. "ಇದನ್ನು ಓದು ಎನ್ನುತ್ತೇನೆ ನಾನು."

ಶ್ರೀಮತಿ ಫಿರಿ ಜೂನ್‌ನಲ್ಲಿ ಊರಿಗೆ ಹೊರಟರು. ಬಿಟ್ಟುಬಂದಾಗ ಆ ಗಂಡುಮಗುವಿಗೆ ಎರಡು ವರ್ಷ ತುಂಬಿರಲಿಲ್ಲವೆಂದು ವಿಮಾನ ನಿಲ್ದಾಣದಲ್ಲಿ ಹೇಳಿದರು. ಈ ಸಲ ನಾನೇ ಕೇಳಿದ್ದೆ. ಅವ್ವ ಮಂಡ್ಯಕ್ಕೆ ಮರಳಿ, ಬಸ್ಸುಗಳ ಮೇಲಿನ ಊರಿನ ಹೆಸರುಗಳನ್ನು ಕೂಗಿ ಕೂಗಿ ಓದುತ್ತ ಬಾಳಿದಳು. ನಾನು ಮುಂದೆ ಶಿಕಾಗೊ ಕಡೆಗೆ ಬಂದು ಅನೇಕ ವರ್ಷ ಶಿಕ್ಷಕರಿಗೆ ಪಾಠ ಹೇಳಿದೆ. ಕೇಳಿದ್ದನ್ನು ಬರೆಯಿರಿ ಎಂಬ ಮಾತಿನಿಂದಲೇ ಪ್ರತಿ ವರ್ಷವೂ ಆರಂಭಿಸುತ್ತಿದ್ದೆ. ಅದು ಯಾರು ಕೊಟ್ಟ ಮಾತೆಂಬುದನ್ನೂ ಹೇಳುತ್ತಿದ್ದೆ. ನನ್ನ ಉಪಕಾರ ಸ್ಮರಣೆಯ ವಿಧಾನ ಅಷ್ಟೇ ಆಗಿತ್ತು.

ಆದರೆ ಆ ಶನಿವಾರದ ಕೊನೆಯ ಸಂಗತಿಯೊಂದು ಉಳಿದಿದೆ. ಎಲ್ಲರೂ ಏಳುತ್ತಿದ್ದಾಗ ಅವ್ವ ಮಾತ್ರ ಮೇಜಿನಿಂದ ಅಲ್ಲಾಡಲಿಲ್ಲ. ಪಟ್ಟಿಗಳ ನಡುವೆ ಬೆರಳಾಡಿಸಿ ಏನನ್ನೋ ಹುಡುಕುತ್ತಿದ್ದಳು. ಮೂರು ಪಟ್ಟಿಗಳನ್ನು ಆರಿಸಿ, ಒಂದರ ಪಕ್ಕ ಒಂದಿಟ್ಟು, ಶ್ರೀಮತಿ ಫಿರಿಯ ಕಡೆಗೆ ಸರಿಸಿದಳು. ಅವ್ವ ಮಾತನ್ನು ಹೀಗೆ ಮತ್ತೊಬ್ಬರ ಮುಂದೆ ಇಟ್ಟದ್ದು ಅದೇ ಮೊದಲು.

"ಏನು ಬರೆದಿದ್ದಾರೆ?" ಎಂದು ಪ್ರೊಫೆಸರ್ ನನ್ನನ್ನು ಕೇಳಿದರು.

ನಾನು ಮಗುವನ್ನು ಹೆಗಲು ಬದಲಾಯಿಸಿಕೊಂಡು ಮೇಜಿನ ಹತ್ತಿರ ಬರುವಷ್ಟರಲ್ಲಿ ಶ್ರೀಮತಿ ಫಿರಿ ಪಟ್ಟಿಗಳ ಮೇಲೆ ಬಾಗಿ, ಒಂದನ್ನೂ ತಿರುಗಿಸಿ ನೋಡದೆ, ಅವ್ವನಂತೆಯೇ ಬೆರಳಿಟ್ಟು ಓದಿ ಮುಗಿಸಿದ್ದರು. ಸೆರಗಿಲ್ಲದ ಅವರು ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು.

"ನನ್ನ ಮಗ ಹಾಲು ಕುಡಿದಿದ್ದಾನಂತೆ," ಎಂದರು.